ಕೋಟೆ ಹತ್ತಿದ ಕಾಲಿಗೆ ಕೊಡಚಾದ್ರಿ ಯಾಕೆ ಕಷ್ಟ?

"ದುರ್ಗದ ಕೋಟೆ ಸಲೀಸಾಗಿ ಹತ್ತೀವಿ ಸಾರ್, ಕೊಡಚಾದ್ರಿ ಏನ್ ಮಹಾ?" ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ಚಾರಣಕ್ಕೆ ಹೆಸರು ಕೊಡುವವರು ಹೆಚ್ಚಾಗಿ ಕೇಳುವುದು ಇದನ್ನೇ. ಎತ್ತರದ ಲೆಕ್ಕದಲ್ಲಿ ಅವರು ಹೇಳುವುದು ಪೂರ್ತಿ ತಪ್ಪಲ್ಲ. ಚಿತ್ರದುರ್ಗದ ಪಕ್ಕದ ನಮ್ಮ ಜೋಗಿಮಟ್ಟಿ ಬೆಟ್ಟವೇ ಸಮುದ್ರಮಟ್ಟದಿಂದ ಸುಮಾರು 1,160 ಮೀಟರ್ ಇದೆ, ಮಲೆನಾಡಿನ ಕೊಡಚಾದ್ರಿ 1,343 ಮೀಟರ್. ಆದರೆ ಮಳೆಕಾಡಿನಲ್ಲಿ ಸುಸ್ತು ಮಾಡುವುದು ಎತ್ತರಕ್ಕಿಂತ ಜಾಸ್ತಿ ತೇವ.

ದಾವಣಗೆರೆಯಲ್ಲಿ ವರ್ಷಕ್ಕೆ ಸುಮಾರು 600–700 ಮಿಲಿಮೀಟರ್ ಮಳೆ. ಮಲೆನಾಡಿನ ಆಗುಂಬೆಯಲ್ಲಿ 7,000 ದಾಟುತ್ತದೆ. ಜೋಗಿಮಟ್ಟಿಯಲ್ಲಿ ಒಣ ಗಾಳಿ ಬೀಸುತ್ತಲೇ ಇರುತ್ತದೆ. ಬೆವರು ಬಂದದ್ದೇ ಆರುತ್ತದೆ, ಮೈ ತಣ್ಣಗಾಗುತ್ತದೆ. ದಟ್ಟ ಕಾಡಿನೊಳಗೆ ಗಾಳಿಯೇ ಒದ್ದೆ. ಬೆವರು ಆರದೆ ಸುಮ್ನೆ ತೊಟ್ಟಿಕ್ಕುತ್ತದೆ, ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ತಲೆ ಮೇಲೆ ಬಿಸಿಲಿಲ್ಲ, ಬಾಯಾರಿಕೆಯೂ ಅಷ್ಟಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಜನ ನೀರು ಕುಡಿಯುವುದನ್ನೇ ಮರೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಮೀನಖಂಡದಲ್ಲಿ ಸೆಳೆತ ಶುರು. ನನ್ನ ಗುಂಪಿನಲ್ಲಿ ಬಾಯಾರಿಕೆ ಆಗಲಿ ಬಿಡಲಿ, ನಿಂತಲ್ಲೆಲ್ಲ ನಾಲ್ಕು ಗುಟುಕು ಕುಡಿಸುತ್ತೇನೆ. ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲೇಬೇಕು. ಜೀನ್ಸ್ ಬೇಡವೇ ಬೇಡ, ಒಮ್ಮೆ ನೆನೆದರೆ ಮನೆ ಸೇರುವ ತನಕ ಆರುವುದಿಲ್ಲ. ಇನ್ನು ನಮ್ಮವರು ಚೀಲದ ತುಂಬ ತರುವ ಖಾರ ಮಂಡಕ್ಕಿ! ಪೊಟ್ಟಣ ಬಿಚ್ಚಿದ ಸ್ವಲ್ಪ ಹೊತ್ತಿಗೇ ಮೆತ್ತಗಾಗಿರುತ್ತದೆ. ಶೇಂಗಾ ಚಿಕ್ಕಿ, ಖರ್ಜೂರ ವಾಸಿ.

ಹತ್ತುವಾಗ ಏದುಸಿರು ಬಂದರೆ ನಿಂತು ಸುಧಾರಿಸಿಕೊಳ್ಳಬಹುದು. ಮಂಡಿ ಹಿಡಿಯುವುದು ಇಳಿಯುವಾಗ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆಯಬೇಕು. ಈ ಕೆಲಸ ರೂಢಿಯಿಲ್ಲದ ತೊಡೆ ಒಂದೆರಡು ದಿನ ಬಿಟ್ಟು ನೋಯುತ್ತದೆ. ಅದರ ಮೇಲೆ ಒದ್ದೆ ಬೇರು, ಪಾಚಿ ಹಿಡಿದ ಕಲ್ಲು. ಕೊಡಚಾದ್ರಿಗೆ ಹಿಡ್ಲುಮನೆ ಜಲಪಾತದ ದಾರಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾವಣಗೆರೆಯ ಕುಂದುವಾಡ ಕೆರೆ ಸುತ್ತ ದಿನಾ ನಡೆಯುವುದು ಉಸಿರಿಗೆ ಒಳ್ಳೆಯದು, ಆದರೆ ಅದು ಸಮತಟ್ಟು ದಾರಿ. ನಾನು ಕಳಿಸುವುದು ದುರ್ಗದ ಕೋಟೆಗೇ. ಮೆಟ್ಟಿಲು ಹತ್ತಿದ ಮೇಲೆ ಇಳಿಯುವಾಗ ಧಡಧಡ ಓಡಬೇಡಿ. ಮಂಡಿ ತುಸು ಬಗ್ಗಿಸಿ, ಚಿಕ್ಕ ಹೆಜ್ಜೆ ಇಟ್ಟು, ನಿಧಾನಕ್ಕೆ ಇಳಿಯಿರಿ. ಹೋಗುವ ಮುಂಚಿನ ಮೂರು ನಾಲ್ಕು ವಾರ ಹೀಗೆ ಮಾಡಿದರೆ ಸಾಕು. ಬೂಟು ಹೊಸದಾದರೆ ಅಲ್ಲೇ ಹಾಕಿ ಪಳಗಿಸಿ.

ರಾತ್ರಿಯೆಲ್ಲ ಬಸ್ಸಿನಲ್ಲಿ ಹಾಡು ಹಾಕಿ ಕುಣಿದು, ಬೆಳಗ್ಗೆ ನೇರ ಕಾಡಿಗೆ ನುಗ್ಗುವ ಪದ್ಧತಿಯೂ ನನಗೆ ಹಿಡಿಸುವುದಿಲ್ಲ. ನಿದ್ದೆಗೆಟ್ಟವರ ಕಾಲು ಬೇಗ ಜಾರುತ್ತದೆ.

ತುದಿ ಮುಟ್ಟಿದರೂ ಎದುರಿಗೆ ಬರೀ ಬಿಳಿ ಮಂಜು ಇರಬಹುದು. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಮೋಡವಾಗುತ್ತದೆ. ಘಟ್ಟದ ಅಂಚಿನ ತುದಿಗಳು ಅದೇ ಮೋಡದೊಳಗೆ ಸಿಕ್ಕಿಕೊಳ್ಳುತ್ತವೆ. "ದುಡ್ಡು ಕೊಟ್ಟಿದ್ದೀವಿ, ಮಂಜು ಸರಿಯೋ ತನಕ ಕಾಯೋಣ" ಅನ್ನುವವರಿರುತ್ತಾರೆ. ಒಪ್ಪಬಾರದು. ಕಾಡಿನೊಳಗೆ ಊರಿಗಿಂತ ಬೇಗ ಕತ್ತಲಾಗುತ್ತದೆ. ಎಷ್ಟು ಗಂಟೆಗೆ ತಿರುಗಬೇಕು ಅನ್ನುವುದನ್ನು ಬೆಳಗ್ಗೆಯೇ ಗೈಡ್ ಹತ್ತಿರ ಕೇಳಿಕೊಳ್ಳಿ. ತುದಿ ಹತ್ತು ನಿಮಿಷದ ದೂರದಲ್ಲಿದ್ದರೂ ಆ ಹೊತ್ತಿಗೆ ತಿರುಗಿ.

ಗೈಡ್ ಅಂದರೆ ಸ್ಥಳೀಯರೇ ಆಗಬೇಕು. ನಮ್ಮಂಥವರು ಗುಂಪು ಕಟ್ಟಿಕೊಂಡು ಹೋಗಬಹುದು, ದಾರಿ ಗೊತ್ತಿರುವುದು ಅವರಿಗೇ. ಮರಗಳ ನಡುವೆ ಕಾಲುದಾರಿ ಕಾಣುತ್ತದೆ. ಮೇಲೆ ಹುಲ್ಲುಗಾವಲಿಗೆ ಬಂದಾಗ ಮಂಜು ಕವಿದರೆ ದನದ ಜಾಡು ಯಾವುದು, ನಮ್ಮ ದಾರಿ ಯಾವುದು ತಿಳಿಯುವುದಿಲ್ಲ. ಎದುರಿಗೆ ಕಾಟಿ, ಅಂದರೆ ಕಾಡುಕೋಣ, ನಿಂತಿದ್ದರೆ ಸುತ್ತಿ ಹೋಗಬೇಕೋ ಕಾಯಬೇಕೋ ಅನ್ನುವುದನ್ನೂ ಅವರೇ ಹೇಳಬೇಕು. ಪರವಾನಗಿಯನ್ನು ಮೊದಲೇ ಮಾಡಿಸಿಕೊಳ್ಳಿ. ಕುದುರೆಮುಖಕ್ಕೆ 2024ರಲ್ಲಿ ದಿನಕ್ಕೆ 300 ಜನರ ಮಿತಿ ಬಂದಿದೆ, ಬುಕಿಂಗ್ ಆನ್‌ಲೈನ್.

ಎಲ್ಲರಿಗೂ ಇರುವ ದೊಡ್ಡ ಭಯ ಇಂಬಳದ್ದು, ಅಂದರೆ ಕಾಡಿನ ಜಿಗಣೆಯದ್ದು. ಕಚ್ಚಿದಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುತ್ತದೆ, ಅದಕ್ಕೇ ಬಿಡಿಸಿದ ಮೇಲೂ ಹನಿಯುತ್ತಿರುತ್ತದೆ. ನೋಡಲು ಗಾಬರಿ, ಅಪಾಯ ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲೇ ಡಾಕ್ಟರನ್ನು ಕೇಳಿ. ನನಗೆ ಹೆಚ್ಚು ಚಿಂತೆ ಬೇರೆಯದು. ಇಂಬಳಕ್ಕೆ ಹೆದರಿ ಮಳೆಗಾಲ ಬಿಟ್ಟು ಜನವರಿ, ಫೆಬ್ರವರಿಯಲ್ಲಿ ಹೋಗೋಣ ಅನ್ನುತ್ತಾರಲ್ಲ, ರಕ್ತ ಹೀರುವ ಸಣ್ಣ ಹುಳ ಉಣುಗಿನ ಕಾಲ ಅದೇ. ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ, ಡಿಸೆಂಬರಿನಿಂದ ಮೇ ತನಕ ಜಾಸ್ತಿ. ಉದ್ದ ತೋಳಿನ ಅಂಗಿ ತೊಡಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ತೂರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ತರಗೆಲೆ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡ್‌ಗೆ ಹೇಳಿ. ವಾಪಸ್ ಬಂದು ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆಯಿರಿ. ಒಂದೆರಡು ವಾರದೊಳಗೆ ಜ್ವರ ಬಂದರೆ ದಾವಣಗೆರೆಯ ಡಾಕ್ಟರಿಗೆ ಮೊದಲು ಹೇಳಬೇಕಾದದ್ದು ನೀವು ಮಲೆನಾಡಿನ ಕಾಡಿಗೆ ಹೋಗಿದ್ದ ವಿಷಯ.