ಎಣ್ಣೆಯ ಒತ್ತಡ ಹೋದರೆ ಅಲಗು ಎತ್ತ ತಿರುಗುತ್ತದೆ: ಅವಳಿ ಎಂಜಿನ್ ವಿಮಾನದ ಪ್ರೊಪೆಲ್ಲರ್ ಟಿಪ್ಪಣಿ

ಒಂದೇ ಎಂಜಿನ್ನಿನ ವಿಮಾನದಲ್ಲಿ ಪಳಗಿ ಅವಳಿ ಎಂಜಿನ್ನಿಗೆ ಬಂದವರು ಪ್ರೊಪೆಲ್ಲರ್ ಪಾಠದಲ್ಲಿ ಒಂದು ವಾಕ್ಯದ ಮುಂದೆ ನಿಂತುಬಿಡುತ್ತಾರೆ: ಎಣ್ಣೆಯ ಒತ್ತಡ ಹೋದರೆ ಅಲಗುಗಳು ಫೆದರ್ ಸ್ಥಿತಿಗೆ ಹೋಗುತ್ತವೆ, ಅಂದರೆ ಅಂಚು ಗಾಳಿಗೆ ಎದುರಾಗುವಂತೆ ತಿರುಗಿ ನಿಲ್ಲುತ್ತವೆ. ನಾನು ಈ ವಾಕ್ಯವನ್ನು ಹಲವು ದಿನ ಬಾಯಿಪಾಠವಾಗಿಯೇ ಒಪ್ಪಿಸಿದೆ. ಮೊದಲು ಕಲಿತ ವಿಮಾನದಲ್ಲಿ ಎಣ್ಣೆ ಹೋದರೆ ಅಲಗು ಕಡಿಮೆ ಕೋನಕ್ಕೆ, ಅಂದರೆ ಹೆಚ್ಚು ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳ ಸಂಖ್ಯೆ) ಕಡೆಗೆ ಜಾರುತ್ತಿತ್ತು. ಇಲ್ಲಿ ಅದು ತದ್ವಿರುದ್ಧ ದಿಕ್ಕಿಗೆ ಏಕೆ ಹೋಗುತ್ತದೆ ಎಂಬುದು ತಿಳಿಯದೆ ಮುಂದಿನ ಯಾವ ಪಾಠವೂ ಗಟ್ಟಿಯಾಗಿ ಕೂರಲಿಲ್ಲ.

ಎಣ್ಣೆಗೆ ತನ್ನದೇ ಆದ ದಿಕ್ಕಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅದು ಅಲಗುಗಳು ಕೂಡುವ ನಡುಭಾಗವಾದ ಹಬ್‌ನೊಳಗಿನ ಪಿಸ್ಟನ್ನನ್ನು ಒಂದು ಕಡೆಗೆ ತಳ್ಳುತ್ತದೆ. ಎದುರಿನಿಂದ ಬೇರೊಂದು ಬಲ ತಳ್ಳುತ್ತಿರುತ್ತದೆ. ಎಣ್ಣೆ ಕೈಬಿಟ್ಟಾಗ ಗೆಲ್ಲುವುದು ಆ ಎದುರಾಳಿ. ಆದ್ದರಿಂದ ವಿನ್ಯಾಸಕಾರರ ಮುಂದಿರುವ ಪ್ರಶ್ನೆ, ಎಣ್ಣೆ ಹೋದ ಮೇಲೆ ಅಲಗು ಯಾವ ಸ್ಥಿತಿಯಲ್ಲಿ ಉಳಿಯಬೇಕು ಎಂಬುದು. ಒಂದೇ ಎಂಜಿನ್ ಇರುವಲ್ಲಿ ಆರ್‌ಪಿಎಂ ಕಾಯುವ ಗವರ್ನರ್ ಕೆಟ್ಟರೂ ಎಂಜಿನ್ ಶಕ್ತಿ ಕೊಡುತ್ತಿರಬೇಕು, ಹಾಗಾಗಿ ಅಲ್ಲಿ ಸಾಮಾನ್ಯವಾಗಿ ಕಡಿಮೆ ಕೋನವನ್ನು ಆರಿಸುತ್ತಾರೆ. ಎರಡು ಎಂಜಿನ್ ಇರುವಲ್ಲಿ ಎಣ್ಣೆ ಕಳೆದುಕೊಂಡ ಎಂಜಿನ್ ಹೇಗಿದ್ದರೂ ನಿಲ್ಲಲಿರುವುದು. ಅದರ ಪ್ರೊಪೆಲ್ಲರ್ ಗಾಳಿಗೆ ಅಡ್ಡವಾಗಿ ಉಳಿಯದೆ ತನ್ನ ಅಂಚನ್ನು ಗಾಳಿಗೆ ಕೊಟ್ಟು ಸುಮ್ಮನಿರುವುದೇ ವಿಮಾನಕ್ಕೆ ಕ್ಷೇಮ. ಹೀಗಾಗಿ ಎಣ್ಣೆ ಕಡಿಮೆ ಕೋನದ ಕಡೆಗೆ ತಳ್ಳುತ್ತದೆ. ಸ್ಪ್ರಿಂಗ್, ಹಬ್‌ನಲ್ಲಿ ತುಂಬಿದ ನೈಟ್ರೋಜನ್ ಅಥವಾ ಗಾಳಿಯ ಒತ್ತಡ, ಅಲಗಿನ ಬುಡದ ಕೌಂಟರ್‌ವೇಟ್ (ಎದುರುತೂಕ) ಇವುಗಳಲ್ಲಿ ಆಯಾ ಮಾದರಿಯಲ್ಲಿ ಇರುವಂಥವು ಫೆದರ್ ಕಡೆಗೆ ತಳ್ಳುತ್ತವೆ. ತಿರುಗುವ ಅಲಗು ತಾನಾಗಿ ಕಡಿಮೆ ಕೋನಕ್ಕೆ ಮಲಗಲು ನೋಡುತ್ತದೆ. ಆ ಒಲವನ್ನು ಮೀರುವುದಕ್ಕೇ ಕೌಂಟರ್‌ವೇಟ್ ಇರುವುದು.

ಗವರ್ನರ್‌ನ ಕೆಲಸ ಇಷ್ಟು ತಿಳಿದ ಮೇಲೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಆರ್‌ಪಿಎಂ ಏರಿದರೆ ಅದರೊಳಗೆ ತಿರುಗುವ ತೂಕಗಳಾದ ಫ್ಲೈವೇಟ್‌ಗಳು ಹೊರಕ್ಕೆ ಚಾಚಿ ಎಣ್ಣೆಯ ದಾರಿ ತೆರೆದು ಮುಚ್ಚುವ ಪೈಲಟ್ ವಾಲ್ವನ್ನು ಎತ್ತುತ್ತವೆ, ಹಬ್‌ನ ಎಣ್ಣೆ ಇಳಿಯುತ್ತದೆ, ಕೋನ ಹೆಚ್ಚುತ್ತದೆ, ಆರ್‌ಪಿಎಂ ತಗ್ಗುತ್ತದೆ. ಆರ್‌ಪಿಎಂ ಇಳಿದರೆ ಇದೆಲ್ಲ ತಿರುಗುಮುರುಗು. ಪ್ರೊಪೆಲ್ಲರ್ ಲಿವರನ್ನು ಪೂರ್ತಿ ಹಿಂದಕ್ಕೆ, ಫೆದರ್ ಗುರುತಿನವರೆಗೆ ಎಳೆದಾಗ ವಾಲ್ವ್ ಎತ್ತಿಹಿಡಿದಂತಾಗಿ ಹಬ್‌ನ ಎಣ್ಣೆಯೆಲ್ಲ ಎಂಜಿನ್ನಿಗೆ ಮರಳುತ್ತದೆ.

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ಎಂಜಿನ್ ಶಕ್ತಿ ಕಳೆದುಕೊಂಡ ಕೂಡಲೇ ಆರ್‌ಪಿಎಂ ಮುಳ್ಳು ಕುಸಿಯುತ್ತದೆ, ಅದನ್ನು ನೋಡಿದರೆ ಯಾವ ಎಂಜಿನ್ ನಿಂತಿತೆಂದು ಗೊತ್ತಾಗುತ್ತದೆ ಎಂದು ನಾನು ಭಾವಿಸಿದ್ದೆ. ನಡೆಯುವುದು ಬೇರೆ. ಇಂಧನ ನಿಂತು ಎಂಜಿನ್ ಸೋತಿದೆ, ಆದರೆ ಎಣ್ಣೆಯ ಒತ್ತಡ ಇದೆ ಎಂದುಕೊಳ್ಳೋಣ. ಆರ್‌ಪಿಎಂ ಸ್ವಲ್ಪ ಇಳಿಯುತ್ತದೆ. ಎಂಜಿನ್ ಸತ್ತದ್ದು ಗವರ್ನರ್‌ಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಆರ್‌ಪಿಎಂ ಒಂದೇ. ಅದು ತನ್ನ ಕರ್ತವ್ಯದಂತೆ ಹಬ್‌ಗೆ ಎಣ್ಣೆ ಕಳಿಸಿ ಅಲಗನ್ನು ಕಡಿಮೆ ಕೋನಕ್ಕೆ ಮಲಗಿಸುತ್ತದೆ, ಮುಂದಿನಿಂದ ಬರುವ ಗಾಳಿ ಪ್ರೊಪೆಲ್ಲರನ್ನು ಗಾಳಿಗಿರಣಿಯಂತೆ ತಿರುಗಿಸುತ್ತದೆ, ಮುಳ್ಳು ಬಹುತೇಕ ಇದ್ದಲ್ಲಿಗೇ ಮರಳುತ್ತದೆ. ಥ್ರಾಟಲ್ ತೆರೆದೇ ಇರುವುದರಿಂದ ಮ್ಯಾನಿಫೋಲ್ಡ್ ಒತ್ತಡವೂ, ಅಂದರೆ ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡವೂ, ಹೊರಗಿನ ಗಾಳಿಯ ಒತ್ತಡದ ಹತ್ತಿರ ನಿಲ್ಲಬಹುದು. ಅಂದರೆ ಗವರ್ನರ್ ಸರಿಯಾಗಿ ಕೆಲಸ ಮಾಡುತ್ತಿರುವುದರಿಂದಲೇ ಎರಡು ಕೆಡುಕು ಒಟ್ಟಿಗೆ ಆಗುತ್ತವೆ: ಸೋತ ಎಂಜಿನ್ ಮಾಪಕದಲ್ಲಿ ಆರೋಗ್ಯವಾಗಿ ಕಾಣುತ್ತದೆ, ಅದರ ಪ್ರೊಪೆಲ್ಲರ್ ಅತಿ ಹೆಚ್ಚು ಎಳೆತ (ವಿಮಾನವನ್ನು ಹಿಂದಕ್ಕೆ ಎಳೆಯುವ ಗಾಳಿಯ ತಡೆ) ಕೊಡುವ ಕೋನದಲ್ಲಿ ಗಾಳಿಗೆ ಅಡ್ಡ ನಿಲ್ಲುತ್ತದೆ. ಈ ಸರಪಳಿಯನ್ನು ಕಾಗದದ ಮೇಲೆ ಬಾಣದ ಗುರುತು ಹಾಕಿ ಮೂರು ಸಲ ಬರೆದ ಮೇಲೆ ನನಗೆ ಪಾದದ ನಿಯಮ ಅರ್ಥವಾಯಿತು. ದಿಕ್ಕು ಹಿಡಿದಿಡಲು ಯಾವ ಪಾದ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಬೇಕಾಗಿಲ್ಲವೋ ಆ ಕಡೆಯ ಎಂಜಿನ್ ಸೋತಿದೆ. ಪಾದಕ್ಕೆ ತಿಳಿಯುವುದು ನಿಜವಾದ ನೂಕುಬಲದ ವ್ಯತ್ಯಾಸ.

ಒಂದು ಎಂಜಿನ್ ಸೋತಾಗಲೂ ದಿಕ್ಕು ಹಿಡಿದಿಡಲು ಬೇಕಾದ ಕನಿಷ್ಠ ನಿಯಂತ್ರಣ ವೇಗ, ಅಂದರೆ ವಿಎಂಸಿ, ಈ ಎಳೆತದ ಮೇಲೆಯೇ ನಿಂತಿದೆ. ವೇಗಮಾಪಕದ ಕೆಂಪು ಗೆರೆಯ ಆ ವೇಗವನ್ನು ಪ್ರಮಾಣೀಕರಿಸುವಾಗ ಸೋತ ಪ್ರೊಪೆಲ್ಲರ್ ಗಾಳಿಗೆ ತಿರುಗುತ್ತಿದೆ, ಗುರುತ್ವಕೇಂದ್ರ ಹಿಂದಿನ ಮಿತಿಯಲ್ಲಿದೆ, ಚಕ್ರ ಮಡಚಿದೆ, ಒಳ್ಳೆಯ ಎಂಜಿನ್ನಿನ ಕಡೆಗೆ ವಾಲುವುದು 5 ಡಿಗ್ರಿ ಮೀರಿಲ್ಲ ಎಂಬ ಷರತ್ತುಗಳಿರುತ್ತವೆ. ಫೆದರ್ ಆದೊಡನೆ ಎಳೆತ ಇಳಿದು ನಿಜವಾದ ವಿಎಂಸಿ ಕೆಂಪು ಗೆರೆಗಿಂತ ತಗ್ಗುತ್ತದೆ. ಏರುವ ಸಾಮರ್ಥ್ಯಕ್ಕೂ ಇದೇ ಮಾತು: ಒಂದು ಎಂಜಿನ್ ಹೋದರೆ ಶಕ್ತಿಯಲ್ಲಿ ಅರ್ಧ ಹೋಗುತ್ತದೆ, ಆದರೆ ಏರಿಕೆಗೆ ಬಳಕೆಯಾಗುವುದು ಮಟ್ಟದ ಹಾರಾಟಕ್ಕೆ ಬೇಕಾದದ್ದು ಕಳೆದು ಉಳಿದ ಶಕ್ತಿ ಮಾತ್ರವಾದ್ದರಿಂದ ಏರಿಕೆಯಲ್ಲಿ ಶೇಕಡ 80 ಅಥವಾ ಅದಕ್ಕಿಂತ ಹೆಚ್ಚು ಹೋಗಬಹುದು.

ಫೆದರ್ ತಡೆಯುವ ಪಿನ್‌ಗಳ ಬಗ್ಗೆ. ನೆಲದಲ್ಲಿ ಎಂಜಿನ್ ಆರಿಸಿದಾಗಲೂ ಎಣ್ಣೆಯ ಒತ್ತಡ ಹೋಗುತ್ತದೆ. ಹಾಗಾದರೆ ನಿಲ್ಲಿಸಿದ ವಿಮಾನಗಳೆಲ್ಲ ಫೆದರ್ ಆಗಿರಬೇಕಲ್ಲವೇ? ಆಗುವುದಿಲ್ಲ, ಏಕೆಂದರೆ ಆರ್‌ಪಿಎಂ ಒಂದು ಮಿತಿಗಿಂತ ಇಳಿದಾಗ, ಹಲವು ವಿಮಾನಗಳಲ್ಲಿ ಸುಮಾರು 800ಕ್ಕಿಂತ ಇಳಿದಾಗ, ಕೇಂದ್ರಾಪಗಾಮಿ ಬಲ ಸಾಲದೆ ಪಿನ್‌ಗಳು ಒಳಕ್ಕೆ ಬಂದು ಅಲಗನ್ನು ಕಡಿಮೆ ಕೋನದಲ್ಲಿ ಹಿಡಿದಿಡುತ್ತವೆ. ಇಲ್ಲವಾದರೆ ಮುಂದಿನ ಸಲ ಎಂಜಿನ್ ಆರಂಭಿಸುವಾಗ ಅದರ ಮೇಲೆ ವಿಪರೀತ ಹೊರೆ ಬೀಳುತ್ತಿತ್ತು. ಆದರೆ ಇದೇ ಪಿನ್ ಆಕಾಶದಲ್ಲಿ ಆರ್‌ಪಿಎಂ ಮಿತಿಗಿಂತ ಕೆಳಗಿಳಿದ ಮೇಲೆ ಫೆದರ್ ಮಾಡಲು ಬಿಡುವುದಿಲ್ಲ. ಫೆದರ್ ಆದದ್ದನ್ನು ಮರಳಿ ತರುವ ಅಕ್ಯುಮುಲೇಟರ್ ಒತ್ತಡದಲ್ಲಿ ಕೂಡಿಟ್ಟ ಎಣ್ಣೆ ಮಾತ್ರ. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಪಿನ್ ತಿಳಿದ ಮೇಲೆ ನನಗೆ ಹೊಸ ಆತಂಕ ಹುಟ್ಟಿತು: ಫೆದರ್‌ಗೆ ಅವಸರ ಮಾಡಬೇಕೇ? 2015ರ ಫೆಬ್ರವರಿ 4ರಂದು ತೈಪೆಯ ಸೋಂಗ್‌ಶಾನ್ ವಿಮಾನ ನಿಲ್ದಾಣದಿಂದ ಹೊರಟ ಟ್ರಾನ್ಸ್‌ಏಷ್ಯಾ ಸಂಸ್ಥೆಯ 235ನೇ ಸಂಖ್ಯೆಯ ವಿಮಾನ ಈ ಪ್ರಶ್ನೆಗೆ ಒಂದು ಬದಿಯ ಉತ್ತರ. ಅದು ಎಟಿಆರ್ 72-600 ಟರ್ಬೊಪ್ರಾಪ್, ಅದರ ವ್ಯವಸ್ಥೆ ಬೇರೆ. ಎರಡನೆಯ ಎಂಜಿನ್ನಿನ ಪ್ರೊಪೆಲ್ಲರ್ ತಾನಾಗಿಯೇ ಫೆದರ್ ಆಯಿತು, ಕ್ಯಾಪ್ಟನ್ ಸುಸ್ಥಿತಿಯಲ್ಲಿದ್ದ ಒಂದನೆಯ ಎಂಜಿನ್ನಿನ ಲಿವರನ್ನು ಹಿಂದಕ್ಕೆ ಎಳೆದರು, ಕೊನೆಗೆ ಅದೇ ಎಂಜಿನ್ ಆರಿತು. ವಿಮಾನದಲ್ಲಿದ್ದ 58 ಜನರಲ್ಲಿ 43 ಜನ ತೀರಿಕೊಂಡರು. ಸೋತದ್ದು ಯಾವುದೆಂದು ಪಾದದಿಂದ ಗುರುತಿಸಿ, ಆ ಕಡೆಯ ಥ್ರಾಟಲನ್ನು ನಿಧಾನವಾಗಿ ಹಿಂದಕ್ಕೆ ತಂದು, ವಿಮಾನದ ಮೂತಿಯೂ ಎಂಜಿನ್ನಿನ ಸದ್ದೂ ಬದಲಾಗಲಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಪ್ರೊಪೆಲ್ಲರ್ ಲಿವರಿಗೆ ಕೈ ಹಾಕಬೇಕು ಎಂಬ ಕ್ರಮ ಇರುವುದು ಇಂಥ ತಪ್ಪು ತಡೆಯುವುದಕ್ಕೆ.

ಇನ್ನೊಂದು ಬದಿಯ ಉತ್ತರ ಮೇಲಿನ ಸರಪಳಿಯಲ್ಲೇ ಇದೆ. ಗಾಳಿಗೆ ತಿರುಗುವ ಪ್ರೊಪೆಲ್ಲರಿನ ಆರ್‌ಪಿಎಂ ಕಾಯುವುದು ವಿಮಾನದ ವೇಗ. ಮೂತಿ ತಗ್ಗಿಸಿ ನೀಲಿ ಗೆರೆಯ ವೇಗ, ಅಂದರೆ ಒಂದೇ ಎಂಜಿನ್ನಿನಲ್ಲಿ ಅತ್ಯುತ್ತಮ ಏರಿಕೆಯ ವೇಗ ಹಿಡಿದಿದ್ದರೆ ಆರ್‌ಪಿಎಂ ಸಾಮಾನ್ಯವಾಗಿ ಪಿನ್ನಿನ ಮಿತಿಗಿಂತ ಸಾಕಷ್ಟು ಮೇಲಿರುತ್ತದೆ, ಖಚಿತಪಡಿಸಿಕೊಳ್ಳುವ ಆ ಕೆಲವು ಕ್ಷಣಗಳು ಸಿಗುತ್ತವೆ. ಎಂಜಿನ್ ಒಳಗೇ ಬಿಗಿದುಕೊಳ್ಳುತ್ತಾ ಆರ್‌ಪಿಎಂ ಕಣ್ಣೆದುರಿಗೇ ಇಳಿಯುತ್ತಿದ್ದರೆ ಮಾತ್ರ ಆ ಕ್ಷಣಗಳು ತೀರಾ ಕಡಿಮೆ. ಆಗಲೂ ಥ್ರಾಟಲ್ ಹಂತವನ್ನು ಬಿಡದೆ, ಅದರ ಬೆನ್ನಿಗೇ ಪ್ರೊಪೆಲ್ಲರ್ ಲಿವರನ್ನು ಪೂರ್ತಿ ಹಿಂದಕ್ಕೆ ಎಳೆಯಬೇಕು.