ಪೇಂಟ್ ಹೊಡೆದರೂ ಬೋಲ್ಟ್ ಸುತ್ತ ಬಿಳಿ ಪುಡಿ ಯಾಕೆ?

ಪ್ರಶ್ನೆ: ನಾನು ಗಂಗಾವತಿಯವನು. ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರೊಂದನ್ನು ರೆಡಿ ಮಾಡಿಸುತ್ತಿದ್ದೇನೆ. ಎಂಜಿನ್ ಕೇಸ್ ಮೆಗ್ನೀಸಿಯಂದು ಅಂತಾರೆ. ಬೋಲ್ಟ್‌ಗಳ ಸುತ್ತ ಬಿಳಿ ಪುಡಿ ಕಟ್ಟುತ್ತದೆ. ಎರಡು ಸಲ ಕೆರೆಸಿ ಪೇಂಟ್ ಹೊಡೆಸಿದೆ, ಮತ್ತೆ ಬಂತು. ಏನು ಮಾಡಲಿ?

ಉತ್ತರ: ಮೆಗ್ನೀಸಿಯಂಗೆ ಮಾತ್ರ ಪೇಂಟ್ ಹೊಡೆಸಿದ್ದೀರಿ, ಬೋಲ್ಟ್ ಹಾಗೇ ಬಿಟ್ಟಿದ್ದೀರಿ, ಅಲ್ವಾ? ತೊಂದರೆ ಇರುವುದೇ ಅಲ್ಲಿ.

ಹೋದ ವರ್ಷ ನಮ್ಮ ಮನೆ ಗೀಸರ್ ಬಿಚ್ಚಿಸಿದಾಗ ಒಳಗಿನ ಮೆಗ್ನೀಸಿಯಂ ಕಡ್ಡಿ ನೋಡಿದೆ. ಹೊಸದರಲ್ಲಿ ಹೆಬ್ಬೆರಳಿನಷ್ಟು ದಪ್ಪ ಇತ್ತು. ಈಗ ನಡುವಿನ ಕಬ್ಬಿಣದ ತಂತಿ, ಅದರ ಮೇಲೆ ಸುಣ್ಣದಂಥ ಮುದ್ದೆ, ಅಷ್ಟೇ. ಟ್ಯಾಂಕ್ ಮಾತ್ರ ಚೆನ್ನಾಗಿತ್ತು. ಆ ಕಡ್ಡಿ ಹಾಕುವುದೇ ಅದಕ್ಕೆ: ತಾನು ಕರಗಿ ಉಕ್ಕಿನ ಟ್ಯಾಂಕನ್ನು ಉಳಿಸಲಿ ಅಂತ. ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದು, ನಡುವೆ ನೀರೂ ಇದ್ದರೆ ಅದೊಂದು ಸಣ್ಣ ಬ್ಯಾಟರಿ ಆಗುತ್ತದೆ. ಅದರಲ್ಲಿ ಸವೆಯುವ ಪಾಳಿ ಯಾವಾಗಲೂ ಮೆಗ್ನೀಸಿಯಂದೇ. ನಿಮ್ಮ ಉಕ್ಕಿನ ಬೋಲ್ಟ್ ಸುತ್ತ ಕಟ್ಟುವ ಬಿಳಿ ಪುಡಿ ಹಾಗೆ ಸವೆದ ಮೆಗ್ನೀಸಿಯಂದೇ. ಕಾರಿಗೆ ಬಳಸುವ ಲೋಹಗಳಲ್ಲಿ ಇದರಷ್ಟು ಬೇಗ ಸೋಲುವುದು ಇನ್ನೊಂದಿಲ್ಲ. ಗೀಸರ್‌ನಲ್ಲಿ ನಮಗೆ ಬೇಕಾದ ಗುಣ ನಿಮ್ಮ ಎಂಜಿನ್ನಿಗೆ ಬೇಡವಾದದ್ದು.

ಈಗ ಪೇಂಟಿನ ವಿಷಯ. ಮೆಗ್ನೀಸಿಯಂಗಷ್ಟೇ ಬಣ್ಣ ಬಳಿದು ಬೋಲ್ಟನ್ನು ಬರಿಮೈ ಬಿಟ್ಟರೆ, ಬಣ್ಣದಲ್ಲಿ ಎಲ್ಲೋ ಒಂದು ಸಣ್ಣ ಗೀರು ಬಿದ್ದೇ ಬೀಳುತ್ತದೆ. ಆಗ ಇಡೀ ಬೋಲ್ಟಿನ ಹೊರೆ ಆ ಗೀರಿನ ಮೇಲೆ ಬಂದು ಅಲ್ಲಿ ಆಳವಾದ ಗುಂಡಿ ಕೊರೆಯುತ್ತದೆ. ಪೇಂಟ್ ಇಲ್ಲದಿದ್ದರೆ ಅಗಲವಾಗಿ ತೆಳ್ಳಗೆ ಸವೆಯುತ್ತಿದ್ದದ್ದು ಈಗ ಒಂದೇ ಕಡೆ ತೂತಾಗುತ್ತದೆ. ಅದಕ್ಕೇ ಮೊದಲು ಬೋಲ್ಟಿಗೆ ಬಣ್ಣ ಬಳಿಯಿರಿ, ಆಮೇಲೆ ಮೆಗ್ನೀಸಿಯಂಗೆ. ಕೇಳಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಅನ್ನಿಸಬಹುದು. ಇಲ್ಲಿ ಮಾತ್ರ ಬರೆ ಎಮ್ಮೆಗೇ ಬೀಳಬೇಕು.

ಗ್ಯಾರೇಜಿನವರು ಪ್ರೀತಿಯಿಂದ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಅದಕ್ಕೆ ತುಕ್ಕು ಹಿಡಿಯಲ್ಲ, ನಿಜ. ಆದರೆ ಪಕ್ಕದ ಮೆಗ್ನೀಸಿಯಂ ತಿನ್ನುವುದನ್ನು ಅದು ಬಿಡಲ್ಲ. ತಾಮ್ರದ, ಹಿತ್ತಾಳೆಯ ವಾಷರ್‌ಗಳೂ ಹಾಗೇ. ಜಿಂಕ್ ಲೇಪಿಸಿದ ಬೋಲ್ಟ್ ಎಷ್ಟೋ ವಾಸಿ. ಅದರ ಕೆಳಗೆ ಬೋಲ್ಟ್ ತಲೆಗಿಂತ ಅಗಲವಾದ ಅಲ್ಯೂಮಿನಿಯಂ ವಾಷರ್ ಇರಲಿ. ತಾಮ್ರ ಬೆರೆಸಿದ ಗಟ್ಟಿ ಅಲ್ಯೂಮಿನಿಯಂ ಬೇಡ, 5000 ಅಥವಾ 6000 ಸರಣಿಯದು ಕೇಳಿ. ವಾಷರ್ ಅಗಲ ಇದ್ದಷ್ಟೂ ಉಕ್ಕಿಗೂ ಮೆಗ್ನೀಸಿಯಂಗೂ ನಡುವೆ ನೀರು ಸೇತುವೆ ಕಟ್ಟುವುದು ಕಷ್ಟ.

ಕೆರೆಯುವಾಗ ಕಬ್ಬಿಣದ ತಂತಿ ಬ್ರಷ್ ಮುಟ್ಟಬೇಡಿ. ಕಣ್ಣಿಗೆ ಕಾಣದ ಕಬ್ಬಿಣದ ಚೂರು ಮೆಗ್ನೀಸಿಯಂ ಮೈಯೊಳಗೆ ಕೂತುಬಿಡುತ್ತದೆ, ಪ್ರತಿ ಚೂರೂ ಒಂದೊಂದು ಬ್ಯಾಟರಿ. ಕಬ್ಬಿಣ ಎಷ್ಟು ಕಡಿಮೆ ಇರಬೇಕು ಅನ್ನುವುದಕ್ಕೆ ಲೆಕ್ಕ ಕೇಳಿ: ಈಗ ಕಾರುಗಳಲ್ಲಿ ಬಳಸುವ ಎಝಡ್91ಡಿ ಅನ್ನುವ ಮೆಗ್ನೀಸಿಯಂ ಮಿಶ್ರಲೋಹದಲ್ಲಿ 100 ಕೆ.ಜಿ.ಗೆ ಕಬ್ಬಿಣ 5 ಗ್ರಾಂ ದಾಟುವಂತಿಲ್ಲ. ಹಾಗಾಗಿ ನೈಲಾನ್ ಬ್ರಷ್, ಕೈಯಲ್ಲಿ ಉಜ್ಜುವ ಅಲ್ಯೂಮಿನಿಯಂ ಆಕ್ಸೈಡ್ ಕಾಗದ ಸಾಕು. ಗ್ರೈಂಡರ್ ಬೇಡವೇ ಬೇಡ. ಮೆಗ್ನೀಸಿಯಂ ಪುಡಿಗೆ ಬೆಂಕಿ ತಗುಲಿದರೆ ನೀರು ಸುರಿಯಬಾರದು, ಇನ್ನೂ ಜಾಸ್ತಿ ಉರಿಯುತ್ತದೆ. ಪಕ್ಕದಲ್ಲಿ ಒಣ ಮರಳು ಇಟ್ಟುಕೊಳ್ಳಿ.

ಆಮೇಲೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬಿಸಿ ತಡೆಯುವ ಎಪಾಕ್ಸಿ ಪ್ರೈಮರ್, ಮೇಲೆ ಪೇಂಟ್. ಗ್ಯಾಸ್ಕೆಟ್ ಕೂರುವ ಜಾಗಕ್ಕೆ ಬಳಿಯಬೇಡಿ. ಆಸಿಡ್ ಇರುವ ಕ್ಲೀನರ್ ಹತ್ತಿರಕ್ಕೂ ತರಬೇಡಿ. ಕಾರ್ಖಾನೆಗಳಲ್ಲಿ ಪೇಂಟಿಗೆ ಮೊದಲು ಇನ್ನೊಂದು ಹಂತ ಇರುತ್ತದೆ: ರಾಸಾಯನಿಕ ದ್ರಾವಣದಲ್ಲಿ ಅದ್ದಿ, ಕೆಲವೊಮ್ಮೆ ಅದರಲ್ಲೇ ವಿದ್ಯುತ್ ಕಿಡಿ ಹಾರಿಸಿ, ಪಿಂಗಾಣಿಯಂಥ ಪದರ ಕಟ್ಟಿಸುತ್ತಾರೆ. ಮನೆಯಲ್ಲಿ ಆಗುವ ಕೆಲಸವಲ್ಲ.

ಇದನ್ನು ಓದಿ ಬಳ್ಳಾರಿಯವರು ಯಾರಾದರೂ "ನನ್ನ ಕಾರಿನ ಮ್ಯಾಗ್ ವೀಲ್ ಗತಿ ಏನು?" ಅಂತ ಗಾಬರಿ ಆಗಬಹುದು. ಹೆಸರು ಮ್ಯಾಗ್ ಅಷ್ಟೇ, ನಮ್ಮ ರಸ್ತೆಗಳಲ್ಲಿ ಓಡುವ ಅಂಥ ವೀಲ್‌ಗಳು ಹೆಚ್ಚುಕಡಿಮೆ ಎಲ್ಲವೂ ಅಲ್ಯೂಮಿನಿಯಂ. ಯಾವುದೇ ಭಾಗದ ಬಗ್ಗೆ ಅನುಮಾನ ಇದ್ದರೆ ಕಾಣದ ಮೂಲೆಯಲ್ಲಿ ಚೂರು ಬಣ್ಣ ಕೆರೆದು ಒಂದು ಹನಿ ನಿಂಬೆರಸ ಬಿಡಿ. ಮೆಗ್ನೀಸಿಯಂ ಆದರೆ ಗುಳ್ಳೆ ಏಳುತ್ತದೆ, ಅಲ್ಯೂಮಿನಿಯಂ ಸುಮ್ನೆ ಇರುತ್ತದೆ. ನೋಡಿದ ಕೂಡಲೇ ತೊಳೆದು ಒರೆಸಿ ಬಣ್ಣ ಮುಚ್ಚಿ.

ನಮ್ಮ ಕಡೆ ಒಣ ಹವೆ, ಸಮುದ್ರ ದೂರ. ಅದು ನಿಮಗೆ ಅನುಕೂಲವೇ. ಆದರೆ ಗಂಗಾವತಿ, ಸಿಂಧನೂರು ಕಡೆ ಸವಳು ಭೂಮಿ ಎಷ್ಟಿದೆ ಅಂತ ನಿಮಗೇ ಗೊತ್ತು. ಉಪ್ಪಾದ ಬೋರ್ ನೀರಿನಲ್ಲಿ ಎಂಜಿನ್ ತೊಳೆದು ಹಾಗೇ ಬಿಟ್ಟರೆ ಮೆಗ್ನೀಸಿಯಂ ಮೇಲಿನ ರಕ್ಷಣೆಯ ಪದರವನ್ನು ಆ ಉಪ್ಪೇ ಒಡೆಯುತ್ತದೆ. ಕೊನೇ ಬಕೆಟ್ ಮಾತ್ರ ಸಿಹಿನೀರಿಂದ ಹಾಕಿ, ಬೋಲ್ಟ್ ಸಂದಿಗಳಿಗೆ ಗಾಳಿ ಹೊಡೆಸಿ ಒಣಗಿಸಿ.