ಮಿತ್ರರ ಕೈಯಲ್ಲಿ ಉಳಿದ ಒರಿಜೆನ್: ಫಿಲೋಕಾಲಿಯಾ ಓದುವವರಿಗೆ ಟಿಪ್ಪಣಿ

ಒಬ್ಬನೇ ಲೇಖಕನ ಬರಹಗಳಿಂದ ವಿಷಯವಾರು ಆಯ್ದು ಕಟ್ಟಿದ ಸಂಕಲನವೆಂದರೆ ಸಮಯವಿಲ್ಲದವರ ಓದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆದಿ ಕ್ರೈಸ್ತ ಸಭೆಯ ಇತಿಹಾಸ ಓದುವವರು ಆ ಭಾವನೆಯನ್ನು ಬಿಡಬೇಕು. ಅಲೆಕ್ಸಾಂಡ್ರಿಯದ ಕ್ರೈಸ್ತ ವಿದ್ವಾಂಸ ಒರಿಜೆನ್ (ಸುಮಾರು ಕ್ರಿ.ಶ. 185–253) ಗ್ರೀಕ್‌ನಲ್ಲಿ ಬರೆದ ಕೆಲವು ಅತ್ಯಂತ ಮುಖ್ಯ ಪುಟಗಳು ಇಂದು ನಮಗೆ ಸಿಗುವುದು ಅಂಥದೊಂದು ಸಂಕಲನದಿಂದ. ಅದೇ ಫಿಲೋಕಾಲಿಯಾ. 1782ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಇದೇ ಹೆಸರಿನ ಗ್ರಂಥ ಬೇರೆ. ಅದರಲ್ಲಿರುವುದು ಹಲವು ಸನ್ಯಾಸಿಗಳ ಬರಹ. ಗ್ರಂಥಾಲಯದಲ್ಲಿ ಕೇಳುವಾಗ ಒರಿಜೆನ್‌ನ ಹೆಸರನ್ನೂ ಸೇರಿಸಿ ಕೇಳಿ.

ಒರಿಜೆನ್ ಎಷ್ಟು ಬರೆದ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅವನು ಹೇಳುತ್ತಿದ್ದುದನ್ನು ಸರದಿಯಂತೆ ಬರೆದುಕೊಳ್ಳಲು ಏಳಕ್ಕಿಂತ ಹೆಚ್ಚು ಶೀಘ್ರಲಿಪಿಕಾರರಿದ್ದರು, ಅವರ ಖರ್ಚನ್ನು ಆಂಬ್ರೋಸ್ ಎಂಬ ಶ್ರೀಮಂತ ಮಿತ್ರ ವಹಿಸಿದ್ದ ಎಂದು ಸಭೆಯ ಇತಿಹಾಸಕಾರ ಯೂಸೇಬಿಯಸ್ ದಾಖಲಿಸಿದ್ದಾನೆ. ಅಷ್ಟೆಲ್ಲವನ್ನೂ ನಕಲು ಮಾಡಿ ಕಾಪಾಡಲು ಯಾವ ಮಠಕ್ಕೂ ಸುಲಭವಿರಲಿಲ್ಲ. ನಾಲ್ಕನೆಯ ಶತಮಾನಕ್ಕೆ ಬರುವಾಗ ಅವನ ಬೋಧನೆಯ ಬಗ್ಗೆ ವಿವಾದವೂ ಎದ್ದಿತ್ತು. ಆ ಹೊತ್ತಿನಲ್ಲಿ ಸಿದ್ಧವಾದ ಈ ಸಂಕಲನವನ್ನು ಸಂಪ್ರದಾಯ ಆ ಕಾಲದ ಬಿಷಪರಾದ ಬಾಸಿಲ್ ಮತ್ತು ನಾಜಿಯಾಂಜಸ್‌ನ ಗ್ರೆಗೊರಿಯ ಹೆಸರಿಗೆ ಸೇರಿಸುತ್ತದೆ. ಗ್ರೆಗೊರಿ ಒಂದು ಪ್ರತಿಯನ್ನು ತನ್ನ ಮತ್ತು ಬಾಸಿಲ್‌ನ ನೆನಪಿಗಾಗಿ ತ್ಯಾನದ ಬಿಷಪ್ ಥಿಯೊಡೋರ್‌ಗೆ ಕಳುಹಿಸಿದ್ದು ಅವನ 115ನೆಯ ಪತ್ರದಿಂದ ತಿಳಿಯುತ್ತದೆ. ಆಯ್ಕೆ ಮಾಡಿದವರು ತಾವೇ ಎಂದು ಆ ಪತ್ರ ಸ್ಪಷ್ಟವಾಗಿ ಹೇಳುವುದಿಲ್ಲ. ಆದ್ದರಿಂದ ಉತ್ತರ ಬರೆಯುವಾಗ ‘ಸಂಪ್ರದಾಯದ ಪ್ರಕಾರ’ ಎಂದು ಸೇರಿಸುವುದು ಒಳ್ಳೆಯದು.

ಒಟ್ಟು 27 ಅಧ್ಯಾಯಗಳು. ಮೊದಲ 14 ಧರ್ಮಗ್ರಂಥವನ್ನು (ಬೈಬಲನ್ನು) ಓದುವ ಬಗೆಯನ್ನು ಕುರಿತವು. 15ರಿಂದ 20ರವರೆಗಿನವು ಮುಖ್ಯವಾಗಿ ಕ್ರೈಸ್ತಮತವನ್ನು ಟೀಕಿಸಿದ ಗ್ರೀಕ್ ತತ್ತ್ವಜ್ಞಾನಿ ಕೆಲ್ಸಸ್‌ನ ಆಕ್ಷೇಪಗಳಿಗೆ ಉತ್ತರಗಳು. ಕೆಲ್ಸಸ್‌ಗೆ ಕೊಟ್ಟ ಉತ್ತರದ ಎಂಟೂ ಪುಸ್ತಕಗಳು ಬೇರೆಯಾಗಿ ಉಳಿದಿರುವುದರಿಂದ ಈ ಭಾಗವನ್ನು ಬೇಗ ದಾಟಬಹುದು. 21ರಿಂದ ಕೊನೆಯವರೆಗೆ ಸ್ವತಂತ್ರ ಇಚ್ಛೆಯ ವಿಚಾರ.

ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಬೈಬಲಿನ ಮೊದಲನೆಯ ಕೀರ್ತನೆಯ ವ್ಯಾಖ್ಯಾನದಿಂದ ತೆಗೆದ ಭಾಗವದು. ಧರ್ಮಗ್ರಂಥವು ಬೀಗ ಹಾಕಿದ ಹಲವು ಕೋಣೆಗಳಿರುವ ಒಂದು ಮನೆ, ಪ್ರತಿ ಬಾಗಿಲಿನ ಬಳಿಯೂ ಒಂದು ಕೀಲಿ ಇದೆ, ಆದರೆ ಅದು ಆ ಬಾಗಿಲಿನದಲ್ಲ ಎಂದು ತನಗೊಬ್ಬ ಹೀಬ್ರೂ ಗುರು ಹೇಳಿದ್ದನ್ನು ಒರಿಜೆನ್ ಅಲ್ಲಿ ನೆನೆಯುತ್ತಾನೆ. ಒಂದು ವಚನದ ಅರ್ಥವನ್ನು ಬೇರೆಲ್ಲೋ ಇರುವ ಇನ್ನೊಂದು ವಚನ ತೆರೆಯುತ್ತದೆ ಎಂಬುದು ಅವನ ವ್ಯಾಖ್ಯಾನ ಕ್ರಮದ ತಿರುಳು. ಆ ವ್ಯಾಖ್ಯಾನ ಗ್ರಂಥ ಪೂರ್ಣವಾಗಿ ಉಳಿದಿಲ್ಲ. ಸಂಕಲನಕಾರರು ಆಯ್ದಿರದಿದ್ದರೆ ಈ ಮಾತು ಗುರುವಿನೊಂದಿಗೂ ಶಿಷ್ಯನೊಂದಿಗೂ ಮರೆಯಾಗಿಬಿಡುತ್ತಿತ್ತು. 13ನೆಯ ಅಧ್ಯಾಯ, ಶಿಷ್ಯ ಗ್ರೆಗೊರಿಗೆ ಬರೆದ ಪತ್ರ, ನಮಗೆ ತಲುಪಿದ್ದೂ ಹೀಗೆಯೇ. (ಈ ಗ್ರೆಗೊರಿ ಒಂದು ಶತಮಾನ ಹಿಂದಿನವನು, ನಾಜಿಯಾಂಜಸ್‌ನವನಲ್ಲ.) ಇಸ್ರಾಯೇಲ್ಯರು ಐಗುಪ್ತದಿಂದ ತಂದ ಚಿನ್ನ ದೇವರ ಗುಡಾರಕ್ಕೆ ಬಳಕೆಯಾದಂತೆ ಗ್ರೀಕರ ತತ್ತ್ವಶಾಸ್ತ್ರವನ್ನು ಬಳಸಿಕೋ ಎಂಬ ಸಲಹೆ ಅಲ್ಲಿದೆ. ಆರಂಭಿಕರು ಈ ಪತ್ರದಿಂದಲೇ ಶುರು ಮಾಡಲಿ, ಚಿಕ್ಕದು, ಆತ್ಮೀಯವಾದದ್ದು.

ಈಗ ನನಗೆ ಅತಿ ಮುಖ್ಯವೆನಿಸುವ ವಿಚಾರ. ಒರಿಜೆನ್‌ನ ‘ಮೂಲತತ್ತ್ವಗಳ ಕುರಿತು’ ಗ್ರಂಥ ಪೂರ್ಣವಾಗಿ ಇರುವುದು 398ರ ಸುಮಾರಿಗೆ ರುಫಿನಸ್ ಮಾಡಿದ ಲ್ಯಾಟಿನ್ ಅನುವಾದದಲ್ಲಿ ಮಾತ್ರ. ಆಕ್ಷೇಪಾರ್ಹವೆಂದು ತೋರಿದ್ದನ್ನು ಬಿಟ್ಟಿದ್ದೇನೆ, ತಿದ್ದಿದ್ದೇನೆ ಎಂದು ಅವನೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಮೂರನೆಯ ಮತ್ತು ನಾಲ್ಕನೆಯ ಪುಸ್ತಕಗಳ ದೀರ್ಘ ಭಾಗಗಳು ಮಾತ್ರ ಫಿಲೋಕಾಲಿಯಾದ 21 ಮತ್ತು 1ನೆಯ ಅಧ್ಯಾಯಗಳಲ್ಲಿ ಗ್ರೀಕ್‌ನಲ್ಲೇ ಇವೆ. ದೇವರು ಐಗುಪ್ತದ ಅರಸ ಫರೋಹನ ಹೃದಯವನ್ನು ಕಠಿಣಪಡಿಸಿದ್ದರೆ ತಪ್ಪು ಫರೋಹನದ್ದು ಹೇಗಾಗುತ್ತದೆ ಎಂಬ ಪ್ರಶ್ನೆಯನ್ನು 21ನೆಯ ಅಧ್ಯಾಯ ಎತ್ತಿಕೊಳ್ಳುತ್ತದೆ. ಒಂದೇ ಮಳೆ ಉತ್ತ ನೆಲದಲ್ಲಿ ಬೆಳೆಯನ್ನೂ ಪಾಳು ನೆಲದಲ್ಲಿ ಮುಳ್ಳನ್ನೂ ಬೆಳೆಸುತ್ತದೆ ಎಂಬುದು ಒರಿಜೆನ್‌ನ ಉತ್ತರ. ಇದನ್ನು ರುಫಿನಸ್‌ನ ಪಾಠದ ಪಕ್ಕದಲ್ಲಿಟ್ಟು ಓದಿ. ಅನುವಾದಕ ಎಲ್ಲಿ ವಿಸ್ತರಿಸಿದ್ದಾನೆ, ಎಲ್ಲಿ ಮೃದುಗೊಳಿಸಿದ್ದಾನೆ ಎಂಬುದು ಆಗ ಗೋಚರಿಸುತ್ತದೆ.

ಅದೇ ಗ್ರಂಥದ ಇತರ ಕೆಲವು ಗ್ರೀಕ್ ತುಣುಕುಗಳು ಉಳಿದಿರುವುದು 543ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಬರೆದ ಖಂಡನಾ ಪತ್ರದಲ್ಲಿ. ಅದೂ ಒಂದು ಆಯ್ಕೆಯೇ, ಆದರೆ ದೋಷಾರೋಪಣೆಗಾಗಿ ಮಾಡಿದ್ದು. ಆತ್ಮಗಳು ದೇಹಕ್ಕಿಂತ ಮೊದಲೇ ಇದ್ದವು ಎಂಬಂಥ ವಿವಾದಿತ ವಿಚಾರಗಳು ಅಲ್ಲಿ ಮುಂದೆ ನಿಲ್ಲುತ್ತವೆ. ಫಿಲೋಕಾಲಿಯಾದಲ್ಲಿ ಅವಕ್ಕೆ ಅಂಥ ಸ್ಥಾನವಿಲ್ಲ. ಮಿತ್ರರು ಆಯ್ದ ಒರಿಜೆನ್ ಧರ್ಮಗ್ರಂಥದ ಶ್ರದ್ಧಾವಂತ ಓದುಗ, ವಿರೋಧಿಗಳು ಆಯ್ದ ಒರಿಜೆನ್ ಪಾಷಂಡಿ. ಎರಡೂ ಕಡೆ ಮಾತು ಅವನ ಹೆಸರಿನಲ್ಲೇ ಇದೆ. ಆದ್ದರಿಂದ ಯಾವ ವಿಷಯವಾರು ಸಂಕಲನ ಕೈಗೆ ಬಂದರೂ, ಆಯ್ದವರು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದರು ಎಂದು ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಪ್ರತಿ ಭಾಗದ ಎದುರು ಅದು ಯಾವ ಮೂಲ ಗ್ರಂಥದ್ದು ಎಂಬುದನ್ನೂ ಗುರುತಿಸಿ.

ಪ್ರಬಂಧ ಬರೆಯುವವರಿಗೆ ಒಂದು ಎಚ್ಚರಿಕೆ: 24ನೆಯ ಅಧ್ಯಾಯವನ್ನು ಒರಿಜೆನ್‌ನ ಮಾತೆಂದು ಉಲ್ಲೇಖಿಸಬೇಡಿ. ಜಡವಸ್ತು ಮತ್ತು ಕೆಡುಕಿನ ಮೂಲವನ್ನು ಕುರಿತ ಆ ಸಂವಾದ ಯೂಸೇಬಿಯಸ್‌ನ ಗ್ರಂಥದಿಂದ, ಮ್ಯಾಕ್ಸಿಮಸ್ ಎಂಬವನ ಹೆಸರಿನಲ್ಲಿ ಬಂದು ಸೇರಿದೆ. ವಿದ್ವಾಂಸರು ಅದನ್ನು ಒಲಿಂಪಸ್‌ನ ಮೆಥೋಡಿಯಸ್‌ನದೆಂದು ಗುರುತಿಸುತ್ತಾರೆ, ಮತ್ತು ಆ ಮೆಥೋಡಿಯಸ್ ಪುನರುತ್ಥಾನದ ವಿಷಯದಲ್ಲಿ ಒರಿಜೆನ್‌ನನ್ನು ಖಂಡಿಸಿ ಬರೆದವನು.